ಹಳೇ ಯೆಜ್ಡಿಯ ಚೇಂಬರಿಗೆ ಯಾವ ಪೇಸ್ಟ್?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಬಂದ ಯೆಜ್ಡಿಗಳಲ್ಲಿ ಇವತ್ತೂ ಓಡುತ್ತಿರುವ ಬಹುಪಾಲು ಗಾಡಿಗಳ ಎಂಜಿನ್ ಒಂದಲ್ಲ ಒಂದು ಸಲ ಬಿಚ್ಚಿದ್ದೇ. ಬಿಚ್ಚುವಾಗ ಯಾರೋ ಅವಸರಕ್ಕೆ ಚೇಂಬರಿನ ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಿರುತ್ತಾರೆ. ಅಲ್ಯೂಮಿನಿಯಂ ಮೆತ್ತನೆಯ ಲೋಹ, ಗೀರು ಹಾಗೇ ಉಳಿಯುತ್ತದೆ. ಅದನ್ನು ಮುಚ್ಚಲು ಗ್ಯಾರೇಜಿನಲ್ಲಿ ಕೈ ಮೊದಲು ಹೋಗುವುದು ಸಿಲಿಕೋನ್ ಟ್ಯೂಬಿಗೆ. ಎಡವಟ್ಟು ಶುರುವಾಗುವುದೂ ಅಲ್ಲಿಂದಲೇ.

ಯೆಜ್ಡಿ ಟೂ-ಸ್ಟ್ರೋಕ್ ಗಾಡಿ. ಪೆಟ್ರೋಲ್, ಆಯಿಲ್, ಗಾಳಿ ಮೂರೂ ಬೆರೆತು ಮೊದಲು ಕ್ರ್ಯಾಂಕ್ ಇರುವ ಚೇಂಬರಿಗೆ ಬಂದು, ಆಮೇಲೆ ಸಿಲಿಂಡರಿಗೆ ಏರುತ್ತವೆ. ಪಿಸ್ಟನ್ ಮೇಲೆ ಹೋದಾಗ ಚೇಂಬರ್ ಹೀರುತ್ತದೆ, ಕೆಳಗೆ ಬಂದಾಗ ಒತ್ತುತ್ತದೆ. ಜೋಡಣೆಯಲ್ಲಿ ಸಣ್ಣ ಸಂದಿದ್ದರೂ ಹೊರಗಿನ ಗಾಳಿ ಒಳಗೆ ಸೇರಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ, ಎಂಜಿನ್ ಕಾಯುತ್ತದೆ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳದೆ ಇದೆಲ್ಲ ನಡೆಯಬಹುದು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಓಟ ಕೂಡಲೇ ಇಳಿಯದಿದ್ದರೆ ಅನುಮಾನ ಪಡಬೇಕು.

ಸಾಮಾನ್ಯ ಸಿಲಿಕೋನ್ ಪೇಸ್ಟ್ ಆಯಿಲ್ ತಡೆಯುತ್ತದೆ, ಪೆಟ್ರೋಲ್ ತಡೆಯುವುದಿಲ್ಲ. ಉಬ್ಬಿ, ಮೆತ್ತಗಾಗಿ, ಚೂರುಚೂರಾಗಿ ಕಳಚುತ್ತದೆ. ಕ್ಲಚ್ ಕವರಿನಂಥ ಬರೀ ಆಯಿಲ್ ಇರುವ ಜಾಗಕ್ಕೆ ತೆಳ್ಳಗೆ ಹಚ್ಚಿದರೆ ಅಡ್ಡಿಯಿಲ್ಲ. ದಪ್ಪಗೆ ಮೆತ್ತಿದರೆ ಹೆಚ್ಚಾದದ್ದು ಒಳಗೂ ಹಿಂಡಿಕೊಂಡು ಬಂದು, ಕಳಚಿ, ಬೇರಿಂಗಿಗೆ ಆಯಿಲ್ ಹೋಗುವ ತೂತನ್ನೇ ಮುಚ್ಚೀತು. ಚೇಂಬರ್ ಜೋಡಣೆಗೆ ಮಾತ್ರ ಸಿಲಿಕೋನ್ ಬೇಡವೇ ಬೇಡ.

ಅಲ್ಲಿಗೆ ಬೇಕಾದದ್ದು ಅನೇರೋಬಿಕ್ ಪೇಸ್ಟ್. ಲಾಕ್‌ಟೈಟ್ 518 ಈ ಜಾತಿಯದು. ಗಾಳಿ ತಾಗುತ್ತಿರುವವರೆಗೆ ಇದು ಗಟ್ಟಿಯಾಗುವುದಿಲ್ಲ. ಎರಡು ಲೋಹಗಳ ನಡುವೆ ಗಾಳಿಯಿಲ್ಲದೆ ಸಿಕ್ಕಿಕೊಂಡಾಗಷ್ಟೇ ಗಟ್ಟಿಯಾಗುತ್ತದೆ. ಹೊರಗೆ ಉಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಬಹುದು, ಒಳಗೆ ಉಕ್ಕಿದ್ದು ಪೆಟ್ರೋಲಿನಲ್ಲಿ ತೊಳೆದು ಹೋಗುತ್ತದೆ. ಇದು ತುಂಬಬಲ್ಲ ಸಂದು ಹೆಚ್ಚೆಂದರೆ 0.25 ಮಿ.ಮೀ. ಅಲ್ಯೂಮಿನಿಯಂ ಮೇಲೆ, ಅದರಲ್ಲೂ ಚಳಿಗಾಲದಲ್ಲಿ, ನಿಧಾನವಾಗಿ ಗಟ್ಟಿಯಾಗುವುದರಿಂದ ಒಂದಿಡೀ ದಿನ ಬಿಡುವುದೇ ಒಳ್ಳೆಯದು. ಲೋಹಕ್ಕೆ ಲೋಹವೇ ತಾಗಬೇಕು, ನಡುವೆ ಕಾಗದದ ಪ್ಯಾಕಿಂಗ್ ಇದ್ದರೆ ಇದಕ್ಕೆ ಕೆಲಸವಿಲ್ಲ. ಕಂಪನಿ ಪ್ಯಾಕಿಂಗ್ ಕೊಟ್ಟಿರುವ ಕಡೆ ಅದೇ ದಪ್ಪದ್ದನ್ನೇ ಹಾಕಿ. ಸಿಲಿಂಡರ್ ಬುಡಕ್ಕೆ ಎರಡೆರಡು ಪ್ಯಾಕಿಂಗ್ ಕೊಟ್ಟರೆ ಸಿಲಿಂಡರ್ ಮೇಲೆದ್ದು ಪೋರ್ಟ್ ತೆರೆಯುವ ಹೊತ್ತೇ ಬದಲಾಗುತ್ತದೆ.

ಆಗಾಗ ಬಿಚ್ಚುವ ಗಾಡಿಗೆ ಹೈಲೋಮಾರ್ ನನಗೆ ಇನ್ನೂ ಇಷ್ಟ. ಆ ನೀಲಿ ಪೇಸ್ಟ್ ಕಲ್ಲಿನಂತೆ ಗಟ್ಟಿಯಾಗುವುದೇ ಇಲ್ಲ, ಪೆಟ್ರೋಲಿಗೂ ಜಗ್ಗುವುದಿಲ್ಲ. ಎರಡೂ ಮುಖಕ್ಕೆ ತೆಳುವಾಗಿ ಸವರಿ, ಹತ್ತು ನಿಮಿಷ ಆರಲು ಬಿಟ್ಟು ಜೋಡಿಸಿದರಾಯಿತು. ಹಳೇ ಮೇಸ್ತ್ರಿಗಳ ಶೆಲಾಕ್ ಕೂಡ ಪೆಟ್ರೋಲ್ ತಡೆಯುತ್ತದೆ, ಆದರೆ ಮುಂದಿನ ಸಲ ಕೆರೆಯುವವನು ಶಾಪ ಹಾಕುತ್ತಾನೆ.

ಇಷ್ಟಾದರೂ ಪೇಸ್ಟ್ ಎನ್ನುವುದು ಮೇಲ್ಮೈ ರಿಪೇರಿಯಲ್ಲ. ಹಚ್ಚುವ ಮುಂಚೆ ಹೋಳನ್ನು ದಪ್ಪ ಗಾಜಿನ ಮೇಲೆ ಮಗುಚಿಟ್ಟು ಅಂಚಿನ ಸುತ್ತ ಫೀಲರ್ ಗೇಜ್ ತೂರಿಸಿ ನೋಡಿ. 0.1 ಮಿ.ಮೀ. ಎಲೆ ಎಲ್ಲೂ ಒಳಗೆ ಹೋಗದಿದ್ದರೆ ಯೋಚನೆಯಿಲ್ಲ. ಮೀಟಿದ ಜಾಗದಲ್ಲಿ ಲೋಹ ಎದ್ದು ನಿಂತಿದ್ದರೆ ನುಣುಪಾದ ಅರದಿಂದ ಅಷ್ಟನ್ನೇ ತೆಗೆಯಿರಿ. ಇಡೀ ಮುಖವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಸಮ ಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ: ಹೋಳುಗಳು ಹತ್ತಿರ ಬಂದಷ್ಟೂ ಒಳಗಿನ ಶಾಫ್ಟುಗಳಿಗೆ ಬಿಟ್ಟಿರುವ ಸಡಿಲ ಕಡಿಮೆಯಾಗುತ್ತದೆ. ಚೇಂಬರಿಂದ ಹೊರಗಿನವರೆಗೂ ಹಾದುಹೋಗುವ ಆಳದ ಗೀರಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಮಶೀನಿನಲ್ಲಿ ಸಮ ಮಾಡಿಸುವುದೇ ಸರಿ. ಖರ್ಚು ಬೀಳುತ್ತದೆ, ನಿಜ.

ಹಳೆಯ ಪೇಸ್ಟನ್ನು ಮರದ ಚಕ್ಕೆಯಿಂದ ಕೆರೆದು, ಕೊನೆಗೆ ಥಿನ್ನರ್ ಅಥವಾ ಅಸಿಟೋನಿನಲ್ಲಿ ಒರೆಸಿ. ಬಂಕಿನ ಪೆಟ್ರೋಲ್ ಆರಿದ ಮೇಲೂ ಜಿಡ್ಡು ಉಳಿಸಬಹುದು. ಬೋಲ್ಟುಗಳನ್ನು ಒಂದು ಈ ಕಡೆ, ಒಂದು ಆ ಕಡೆ ಎಂದು ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ.

ಪೇಸ್ಟ್ ಗಟ್ಟಿಯಾದ ಮೇಲೆ ಗಾಡಿಗೆ ಕಿಕ್ ಹೊಡೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಾರ್ಬುರೇಟರ್ ಕೂರುವ ಬಾಯಿಯನ್ನೂ ಸೈಲೆನ್ಸರ್ ಬಾಯಿಗಳನ್ನೂ ರಬ್ಬರ್ ಬಿರಡೆಯಿಂದ ಮುಚ್ಚಿ, ಒಳಗೆ ಐದಾರು ಪಿಎಸ್‌ಐ ಗಾಳಿ ತುಂಬಿ, ಜೋಡಣೆಯ ಉದ್ದಕ್ಕೂ ಸೋಪಿನ ನೀರು ಸವರಿ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ ಎಂದರ್ಥ. ಗುಳ್ಳೆಯೇ ಇಲ್ಲದೆ ಗೇಜಿನ ಮುಳ್ಳು ಇಳಿಯುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಬದಲಿಸಬೇಕಾದೀತು.