ನಿಲ್ಲುವುದನ್ನು ಕಲಿತ ರೇಸ್ ಎಂಜಿನ್

ಸಿಗ್ನಲ್ ಕೆಂಪಾಯ್ತು. ಗಾಡಿ ನಿಲ್ಲಿಸ್ತೀರಿ. ಎಂಜಿನ್ ತನ್ನ ಪಾಡಿಗೆ ಸಣ್ಣಗೆ ಗುರ್ ಅಂತಿರುತ್ತೆ. ನೀವು ಕಂಬದ ಮೇಲಿನ ಸೆಕೆಂಡು ಎಣಿಸ್ತಾ ಕೂತಿರ್ತೀರಿ. ಹಸಿರು ಬಂತು, ಹೊರಟಿರಿ. ಇದರಲ್ಲೇನು ವಿಶೇಷ ಅಂತೀರಾ?

ಇಷ್ಟು ಸಾಮಾನ್ಯ ಕೆಲಸವನ್ನು ಒಂದು ಕಾರಿಗೆ ಕಲಿಸಲು ಹೋಗಿ ಜಗತ್ತಿನ ಅತಿ ಬುದ್ಧಿವಂತ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆರೆದುಕೊಂಡರು. ಆ ಕಾರು ಗಂಟೆಗೆ 352 ಕಿ.ಮೀ. ವೇಗದಲ್ಲಿ ಓಡಬಲ್ಲದು. ಓಟ ಅದಕ್ಕೆ ಹುಟ್ಟಿನಿಂದಲೇ ಬಂದ ವಿದ್ಯೆ. ಬಾರದೇ ಇದ್ದದ್ದು ನಿಲ್ಲುವುದು.

ಕಾರಿನ ಹೆಸರು ಮರ್ಸಿಡಿಸ್-ಎಎಂಜಿ ವನ್. ಒಟ್ಟು ಸಂಖ್ಯೆ 275ಕ್ಕೆ ಸೀಮಿತ. ಬೆಲೆ, ತೆರಿಗೆ ಬಿಟ್ಟು, ಸುಮಾರು 22.75 ಲಕ್ಷ ಯೂರೊ. ಅಂದರೆ ಇವತ್ತಿನ ಲೆಕ್ಕದಲ್ಲಿ 20 ಕೋಟಿ ರೂಪಾಯಿಗೂ ಮೇಲೆ. ನಾವು ನೀವು ಕೊಳ್ಳೋದು ದೂರದ ಮಾತು. ಆದರೆ ಅರ್ಥ ಮಾಡಿಕೊಳ್ಳೋಕೆ ಬ್ಯಾಂಕ್ ಬ್ಯಾಲೆನ್ಸ್ ಬೇಕಿಲ್ಲವಲ್ಲ. ಬನ್ನಿ, ಬಾನೆಟ್ ತೆಗೆದು ನೋಡೋಣ. ಈ ಕಾರಿನ ಎಂಜಿನ್ ಇರೋದು ಹಿಂದೆ ಅನ್ನೋದು ನೆನಪಿರಲಿ!

ಟ್ರ್ಯಾಕಿನಿಂದ ಕಿತ್ತು ತಂದ ಹೃದಯ

2014ರಲ್ಲಿ ಫಾರ್ಮುಲಾ 1 ರೇಸಿನ ನಿಯಮ ಬದಲಾಯಿತು. ಅಬ್ಬರಿಸುತ್ತಿದ್ದ 2.4 ಲೀಟರಿನ ವಿ8 ಎಂಜಿನ್‌ಗಳು ಹೋಗಿ 1.6 ಲೀಟರಿನ ವಿ6 ಟರ್ಬೊ ಹೈಬ್ರಿಡ್ ಬಂತು. 1.6 ಲೀಟರ್ ಅಂದರೆ ಗಾತ್ರದಲ್ಲಿ ನಮ್ಮ ಸಾಧಾರಣ ಸೆಡಾನ್ ಎಂಜಿನ್ನಿನಷ್ಟೇ. ಈ ಹೊಸ ಆಟವನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಿದ್ದು ಮರ್ಸಿಡಿಸ್. 2014ರಿಂದ 2021ರವರೆಗೆ ಸತತ ಎಂಟು ವರ್ಷ ತಂಡಗಳ ಚಾಂಪಿಯನ್‌ಷಿಪ್ ಅದರ ಪಾಲಾಯಿತು. ಆ ಎಂಜಿನ್‌ಗಳ ತವರು ಇಂಗ್ಲೆಂಡಿನ ಬ್ರಿಕ್ಸ್‌ವರ್ತ್ ಎಂಬ ಊರು.

2017ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಕಂಪನಿ ‘ಪ್ರಾಜೆಕ್ಟ್ ವನ್’ ಎಂಬ ಮಾದರಿಯನ್ನು ಮುಂದಿಟ್ಟಿತು. ರೇಸ್ ಕಾರಿನಂತೆ ಕಾಣುವ ಕಾರುಗಳಿಗೇನೂ ಬರವಿಲ್ಲ. ಇಲ್ಲಿ ಮಾತೇ ಬೇರೆ. ಚಾಂಪಿಯನ್‌ಷಿಪ್ ಗೆಲ್ಲುತ್ತಿದ್ದ ಎಂಜಿನ್ನನ್ನೇ ನಂಬರ್ ಪ್ಲೇಟ್ ಇರುವ ಕಾರಿಗೆ ಕೂರಿಸುತ್ತೇವೆ ಅಂದರು. ಕಾರು ಬೇಕೆಂದು ಮುಂದೆ ಬಂದವರ ಸಂಖ್ಯೆ ತಯಾರಾಗಲಿದ್ದ ಕಾರುಗಳಿಗಿಂತ ಎಷ್ಟೋ ಹೆಚ್ಚಿತ್ತು.

ಕೋಡೊಲೆಯ ಲೆಕ್ಕ

ಮಲೆನಾಡಿನ ಹಳೇ ಮನೆಗಳಲ್ಲಿ ಕೋಡೊಲೆ ನೋಡಿದ್ದೀರಾ? ಮುಖ್ಯ ಒಲೆಯಲ್ಲಿ ಅನ್ನ ಬೇಯುತ್ತಿರುತ್ತೆ. ಪಕ್ಕಕ್ಕೆ ಹರಿದು ಹೋಗುವ ಬೆಂಕಿಗೆ ಇನ್ನೊಂದು ಬಾಯಿ ಬಿಟ್ಟಿರ್ತಾರೆ. ಅದರ ಮೇಲೆ ಸಾರೋ ಬಿಸಿನೀರೋ ಪುಕ್ಕಟೆ ಕಾಯುತ್ತೆ. ಸುಟ್ಟ ಸೌದೆ ಒಂದೇ, ಆದ ಕೆಲಸ ಎರಡು.

ಪೆಟ್ರೋಲ್ ಎಂಜಿನ್ ಕೋಡಿಲ್ಲದ ಒಲೆ ಇದ್ದ ಹಾಗೆ. ಮಾಮೂಲಿ ಕಾರಿನಲ್ಲಿ ಸುಟ್ಟ ಪೆಟ್ರೋಲಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಗಾಡಿ ಓಡಿಸುತ್ತದೆ. ಉಳಿದದ್ದು ಬಿಸಿಯಾಗಿ ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಗಾಳಿಗೆ ಹೋಗುತ್ತದೆ. ಫಾರ್ಮುಲಾ 1 ಹೈಬ್ರಿಡ್ ಮಾಡಿದ್ದು ಈ ಪೋಲಿಗೆ ಕೈ ಹಾಕುವ ಕೆಲಸ. 2017ರಲ್ಲಿ ತಮ್ಮ ರೇಸ್ ಎಂಜಿನ್ ವ್ಯವಸ್ಥೆ ಪರೀಕ್ಷಾ ಕೊಠಡಿಯಲ್ಲಿ ಶೇ 50ರ ದಕ್ಷತೆ ದಾಟಿದೆ ಎಂದು ಮರ್ಸಿಡಿಸ್ ಪ್ರಕಟಿಸಿತು. ರೇಸ್ ಕಾರು ಅಂದ್ರೆ ಪೆಟ್ರೋಲ್ ಕುಡಿಯೋ ರಾಕ್ಷಸ ಅಂದುಕೊಂಡವರಿಗೆ ಇದು ಆಶ್ಚರ್ಯವೇ ಸರಿ.

ಎಎಂಜಿ ವನ್‌ನಲ್ಲಿ ಆ ಎಂಜಿನ್ ಜೊತೆ ನಾಲ್ಕು ಎಲೆಕ್ಟ್ರಿಕ್ ಮೋಟಾರ್‌ಗಳಿವೆ.

ಮೊದಲನೆಯದು ಟರ್ಬೊ ಮೇಲೆ ಕೂತಿದೆ. ಇದೇ ನಮ್ಮ ಕೋಡೊಲೆ. ಹೊರಹೋಗುವ ಬಿಸಿ ಹೊಗೆ ಟರ್ಬೊವನ್ನು ತಿರುಗಿಸುತ್ತದೆ. ತಿರುಗಿದ್ದು ಹೆಚ್ಚಾದರೆ ಈ 90 ಕಿಲೋವಾಟ್ ಮೋಟಾರ್ ಅದರಿಂದ ಕರೆಂಟ್ ಮಾಡಿಕೊಳ್ಳುತ್ತದೆ. ಉಲ್ಟಾ ಕೆಲಸವೂ ಇದಕ್ಕೆ ಗೊತ್ತು. ಟರ್ಬೊ ಕಾರು ಓಡಿಸಿದವರಿಗೆ ಅನುಭವ ಇರುತ್ತೆ: ಆಕ್ಸಿಲರೇಟರ್ ತುಳಿದ ಮೇಲೆ ಒಂದು ಕ್ಷಣ ಏನೂ ಆಗಲ್ಲ, ಆಮೇಲೆ ಗಾಡಿ ಜಿಗಿಯುತ್ತೆ. ಹೊಗೆ ಜೋರಾಗಿ ಬರೋವರೆಗೆ ಟರ್ಬೊ ಕಾಯಬೇಕು, ಅದಕ್ಕೆ ಈ ತಡ. ಇಲ್ಲಿ ಕಾಯುವಂತಿಲ್ಲ. ಮೋಟಾರ್ ತಾನೇ ಟರ್ಬೊವನ್ನು ನಿಮಿಷಕ್ಕೆ 1 ಲಕ್ಷ ಸುತ್ತಿನವರೆಗೆ ತಿರುಗಿಸಿಬಿಡುತ್ತದೆ.

ಎರಡನೆಯದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ಗೆ ಸೇರಿದ್ದು, 120 ಕಿಲೋವಾಟ್. ಉಳಿದೆರಡು ಮುಂದಿನ ಚಕ್ರಗಳಿಗೆ, ಒಂದೊಂದಕ್ಕೆ ಒಂದು, ತಲಾ 120 ಕಿಲೋವಾಟ್. ಎಂಜಿನ್ನೊಂದರದ್ದೇ 422 ಕಿಲೋವಾಟ್, ಅಂದರೆ 574 ಅಶ್ವಶಕ್ತಿ. ಚಕ್ರ ತಿರುಗಿಸುವ ಮೂರು ಮೋಟಾರ್ ಸೇರಿಸಿದರೆ 782 ಕಿಲೋವಾಟ್, 1,063 ಅಶ್ವಶಕ್ತಿ. ನಮ್ಮ 1.2 ಲೀಟರಿನ ಚಿಕ್ಕ ಕಾರುಗಳದ್ದು 80ರ ಆಸುಪಾಸು. ಲೆಕ್ಕ ನೀವೇ ಹಾಕಿ.

ಬ್ರೇಕ್ ಹಾಕಿದಾಗ ಮುಂದಿನ ಮೋಟಾರ್‌ಗಳು ಡೈನಮೊ ಆಗುತ್ತವೆ. ದಿನನಿತ್ಯದ ಓಡಾಟದಲ್ಲಿ ಬ್ರೇಕ್ ಶಕ್ತಿಯ ಶೇ 80ರವರೆಗೆ ವಾಪಸ್ ಬ್ಯಾಟರಿಗೆ ಬರುತ್ತದೆ ಅನ್ನುತ್ತದೆ ಕಂಪನಿ. ಬ್ಯಾಟರಿ ಮಾತ್ರ ಪುಟ್ಟದು, 8.4 ಕಿಲೋವಾಟ್-ಅವರ್. ಎಂಜಿನ್ ಮುಟ್ಟದೆ ಓಡಬಲ್ಲದ್ದು 18.1 ಕಿ.ಮೀ. ಅಷ್ಟೇ. ಇಷ್ಟು ಪುಟ್ಟ ಬ್ಯಾಟರಿಯಿಂದ ಇಷ್ಟು ಶಕ್ತಿಯನ್ನು ಒಮ್ಮೆಗೇ ಎಳೆದರೆ, ಮತ್ತೆ ಒಮ್ಮೆಗೇ ತುಂಬಿದರೆ, ಅದು ಕಾದು ಕೆಂಡವಾಗಬೇಕು. ಅದಕ್ಕೇ ಒಂದೊಂದು ಸೆಲ್ಲಿನ ಸುತ್ತಲೂ ತಣ್ಣಗಿನ ದ್ರವ ಹರಿಯುತ್ತಿರುತ್ತದೆ.

ಕಷ್ಟ ಶುರುವಾಗಿದ್ದು ಇಲ್ಲಿ

ಫಾರ್ಮುಲಾ 1 ಕಾರಿಗೆ ಕೀ ಇರಲ್ಲ. ತಣ್ಣಗಿರುವಾಗ ಆ ಎಂಜಿನ್ ಏಳುವುದೂ ಇಲ್ಲ. ಒಳಗಿನ ಭಾಗಗಳ ನಡುವಿನ ಸಂದು ಅಷ್ಟು ಬಿಗಿ. ಮೊದಲು ಬಿಸಿ ನೀರು, ಬಿಸಿ ಆಯಿಲ್ ಹರಿಸಿ ಮೈ ಕಾಯಿಸಬೇಕು, ಲ್ಯಾಪ್‌ಟಾಪ್ ಹಿಡಿದ ಒಂದು ತಂಡವೇ ಸುತ್ತ ನಿಂತಿರಬೇಕು. ಎದ್ದ ಮೇಲೂ ಸುಮ್ಮನೆ ನಿಂತಿರುವಾಗಲೇ ನಿಮಿಷಕ್ಕೆ 4,000-5,000 ಸುತ್ತು ತಿರುಗುತ್ತಿರುತ್ತದೆ. ನಿಮ್ಮ ಕಾರು ಸಿಗ್ನಲ್‌ನಲ್ಲಿ ತಿರುಗೋದು 800ರ ಹತ್ತಿರ.

ರಸ್ತೆ ಕಾರು 5,000ದಲ್ಲಿ ಅರಚುತ್ತಾ ನಿಲ್ಲುವಂತಿಲ್ಲ. ಹೊಗೆ ಪರೀಕ್ಷೆಯಲ್ಲಿ ಅದು ಪಾಸಾಗುವುದೂ ಇಲ್ಲ. ಹಾಗಂತ ಸುತ್ತು ಇಳಿಸಿದರೆ ಇನ್ನೊಂದು ತಾಪತ್ರಯ. ಹತ್ತು ಸಾವಿರ ಸುತ್ತಿನಲ್ಲಿ ಉಸಿರಾಡಲು ಮಾಡಿದ ಎಂಜಿನ್ ಅದು. ನಿಧಾನವಾದಾಗ ಒಳಗೆ ಗಾಳಿ ಸರಿಯಾಗಿ ಆಡಲ್ಲ, ಪೆಟ್ರೋಲ್ ಗಾಳಿಯೊಡನೆ ಹದವಾಗಿ ಬೆರೆಯಲ್ಲ, ಪೂರ್ತಿ ಸುಡಲ್ಲ. ಎಂಜಿನ್ ತಡವರಿಸುತ್ತೆ, ಸುಡದ ಪೆಟ್ರೋಲ್ ಹೊಗೆಯಲ್ಲಿ ಹೋಗುತ್ತೆ. ಓಟಗಾರನಿಗೆ ಒಂಟಿಕಾಲಲ್ಲಿ ನಿಲ್ಲು ಅಂದ ಹಾಗೆ.

ಕಾಲವೂ ಕೈಕೊಟ್ಟಿತು. ಮಾದರಿಯನ್ನು ತೋರಿಸಿದ ಅದೇ 2017ರ ಸೆಪ್ಟೆಂಬರಿನಲ್ಲಿ ಯುರೋಪಿನಲ್ಲಿ ಹೊಸ ಕಾರುಗಳಿಗೆ ಇನ್ನೂ ಕಟ್ಟುನಿಟ್ಟಿನ ಹೊಗೆ ಮತ್ತು ಇಂಧನ ಪರೀಕ್ಷೆ ಜಾರಿಗೆ ಬಂತು. ಕಾರು ತಡವಾಯಿತು, ಮತ್ತೂ ತಡವಾಯಿತು. ಕಂಪನಿಯ ಮುಖ್ಯಸ್ಥ ಓಲಾ ಕ್ಯಾಲೆನಿಯಸ್, ಈ ಯೋಜನೆಗೆ ಹೂಂ ಅಂದ ದಿನ ನಾವೆಲ್ಲ ಕುಡಿದಿದ್ದೆವೇನೋ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ತಮಾಷೆ ಮಾಡಿದರು.

ಕೊನೆಗೆ ದಾರಿ ಸಿಕ್ಕಿದ್ದು ಹೈಬ್ರಿಡ್ ವ್ಯವಸ್ಥೆಯಿಂದಲೇ. ಸ್ಟಾರ್ಟ್ ಮಾಡಿದಾಗ ಕಾರು ಬ್ಯಾಟರಿಯಲ್ಲಿ ಸದ್ದಿಲ್ಲದೆ ಹೊರಡುತ್ತದೆ. ಅಷ್ಟರಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಳನ್ನು ಕರೆಂಟಿನಿಂದ ಕಾಯಿಸಲಾಗುತ್ತದೆ. ಅವು ಬಿಸಿಯಾದ ಮೇಲೆಯೇ ಎಂಜಿನ್ನಿಗೆ ಪ್ರವೇಶ. ನಿಂತಾಗಿನ ಸುತ್ತನ್ನು 1,200ರ ಆಸುಪಾಸಿಗೆ ಇಳಿಸಿದರು. ಗರಿಷ್ಠ ಸುತ್ತನ್ನು ರೇಸಿಗಿಂತ ಕಡಿಮೆ ಮಾಡಿ 11,000ಕ್ಕೆ ಕಟ್ಟಿದರು. ಇಷ್ಟೆಲ್ಲ ಆಗಿ ತಯಾರಿಕೆ ಶುರುವಾಗಿದ್ದು 2022ರಲ್ಲಿ, ಮೊದಲ ಗ್ರಾಹಕರ ಕೈಸೇರಿದ್ದು 2023ರಲ್ಲಿ. ಅಮೆರಿಕದ ನಿಯಮಕ್ಕೆ ಹೊಂದಿಸಲು ಹೋದರೆ ಕಾರಿನ ಗುಣವೇ ಕೆಡುತ್ತದೆ ಎಂದು ಆ ಮಾರುಕಟ್ಟೆಯನ್ನೇ ಬಿಟ್ಟರು.

ಕೊಂಡವರ ಪಾಡು

ಸರಿ, ಕಾರು ಬಂತು. ಮನೆ ಮುಂದೆ ನಿಂತಿದೆ. ಈಗ?

ಸೀಟು ಕಾರಿನ ಚೌಕಟ್ಟಿಗೇ ಸೇರಿಕೊಂಡಿದೆ, ಮುಂದೆ ಹಿಂದೆ ಸರಿಯಲ್ಲ. ಪೆಡಲ್ ಮತ್ತು ಸ್ಟಿಯರಿಂಗನ್ನೇ ನಿಮ್ಮ ಕಡೆ ಎಳೆದುಕೊಳ್ಳಬೇಕು. ಓಡಿಸಲು ಆರು ಮೋಡ್‌ಗಳಿವೆ. ಅದರಲ್ಲಿ ಕೆಲವು ರೇಸ್ ಟ್ರ್ಯಾಕಿಗೆ ಮಾತ್ರ. ಅವನ್ನು ಒತ್ತಿದರೆ ಕಾರು ಮುಂದೆ 37 ಮಿ.ಮೀ., ಹಿಂದೆ 30 ಮಿ.ಮೀ. ಕುಗ್ಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಬಡಾವಣೆಯ ರೋಡ್ ಹಂಪ್ ನೆನಪಾಗಿ ನಗು ಬಂತಾ? ಚಿಂತೆ ಬೇಡ. ಈ ಕಾರು ಬರೋದು ಎಡಗಡೆ ಸ್ಟಿಯರಿಂಗ್‌ನಲ್ಲಿ ಮಾತ್ರ. ಭಾರತಕ್ಕೆ ಆಮದಾಗುವ ಹೊಸ ಕಾರಿಗೆ ಬಲಗಡೆ ಸ್ಟಿಯರಿಂಗ್ ಇರಬೇಕು ಅನ್ನೋದು ನಿಯಮ. 20 ಕೋಟಿ ಇದ್ದರೂ ಸಲೀಸಾಗಿ ತಂದು ನೋಂದಾಯಿಸುವ ಹಾಗಿಲ್ಲ.

ಅತಿ ಹೆಚ್ಚು ಚರ್ಚೆಯಾದದ್ದು ಮಾತ್ರ ಇನ್ನೊಂದು ಸಂಗತಿ. ಸುಮಾರು 50,000 ಕಿ.ಮೀ. ಓಡಿದ ಮೇಲೆ ಈ ಎಂಜಿನ್ನನ್ನು ಬಿಚ್ಚಿ ಮರುಜೋಡಣೆ ಮಾಡಬೇಕು ಎಂದು ಎಎಂಜಿ ಮೊದಲೇ ಹೇಳಿತ್ತು. ಕೇಳಿದ ಕೂಡಲೇ ‘ಅಯ್ಯೋ, ಇಷ್ಟು ದುಡ್ಡು ಕೊಟ್ಟು ಇಷ್ಟೇನಾ?’ ಅನ್ನಿಸುತ್ತೆ. ಊರಿನ ಟ್ಯಾಕ್ಸಿಯೊಂದು ಒಂದೂವರೆ ವರ್ಷದಲ್ಲಿ ಓಡಿಬಿಡುವ ದೂರ ಅದು.

ಈಗ ಇನ್ನೊಂದು ಕಡೆಯಿಂದ ನೋಡಿ. ಒಂದು ಫಾರ್ಮುಲಾ 1 ರೇಸಿನ ದೂರ 305 ಕಿ.ಮೀ. ಚಿಲ್ಲರೆ. 2018ರ ನಿಯಮದಲ್ಲಿ ಒಬ್ಬ ಚಾಲಕನಿಗೆ 21 ರೇಸುಗಳ ಇಡೀ ಋತುವಿಗೆ ಮೂರು ಎಂಜಿನ್. ಅಂದರೆ ಒಂದೊಂದೂ ಏಳು ರೇಸು ಬಾಳಿದರೆ ಸಾಕು. ಅಭ್ಯಾಸದ ಓಟವೆಲ್ಲ ಸೇರಿದರೂ ಅದರ ಆಯಸ್ಸು ಕೆಲವೇ ಸಾವಿರ ಕಿ.ಮೀ. ಅಂಥ ಎಂಜಿನ್ನನ್ನು 50,000 ಕಿ.ಮೀ. ಬದುಕಿಸಿದ್ದು ಸೋಲಲ್ಲ, ಆಯಸ್ಸನ್ನು ಹಲವು ಪಟ್ಟು ಎಳೆದ ಕಥೆ. ಕಾರನ್ನು ಬರೀ ದುಡ್ಡಿನ ಕಣ್ಣಲ್ಲಿ ನೋಡಿದವರಿಗೂ ಅರ್ಥ ಮಾಡಿಕೊಂಡು ನೋಡಿದವರಿಗೂ ಇರುವ ವ್ಯತ್ಯಾಸ ಇದೇ. ಅರ್ಥವಾಗದ ಮಾಲೀಕನಿಗೆ ಇದು ಪದೇ ಪದೇ ರಿಪೇರಿ ಬೇಡುವ ದುಬಾರಿ ಸಾಮಾನು.

ರೇಸ್ ಚಾಲಕನಿಗೂ ಲೆಕ್ಕ ತಪ್ಪಿದ್ದಲ್ಲ

ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ಸುಮಾರು 20.8 ಕಿ.ಮೀ. ಉದ್ದದ ಹಳೆಯ ಟ್ರ್ಯಾಕ್ ಇದೆ. ಕಾಡಿನ ನಡುವೆ ಏರಿಳಿಯುವ, ತಿರುವುಗಳೇ ತುಂಬಿದ ದಾರಿ. ರಸ್ತೆ ಕಾರುಗಳ ಪೌರುಷ ಅಳೆಯೋದು ಇಲ್ಲೇ. 2022ರ ಅಕ್ಟೋಬರಿನಲ್ಲಿ ಚಾಲಕ ಮಾರೊ ಎಂಗೆಲ್ ಎಎಂಜಿ ವನ್‌ನಲ್ಲಿ 6 ನಿಮಿಷ 35.183 ಸೆಕೆಂಡಿನಲ್ಲಿ ಸುತ್ತು ಮುಗಿಸಿ ದಾಖಲೆ ಬರೆದರು. ಟ್ರ್ಯಾಕ್ ಅಲ್ಲಲ್ಲಿ ಇನ್ನೂ ಒದ್ದೆಯಿತ್ತು. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಂದು ಅದನ್ನು 6 ನಿಮಿಷ 29.090 ಸೆಕೆಂಡಿಗೆ ಇಳಿಸಿದರು.

ಇಲ್ಲಿ ಗಮನಿಸಬೇಕಾದ್ದು ವೇಗ ಒಂದನ್ನೇ ಅಲ್ಲ. ಪುಟ್ಟ ಬ್ಯಾಟರಿ, ಉದ್ದದ ದಾರಿ. ಎಲ್ಲೆಲ್ಲೂ ಪೂರ್ತಿ ಶಕ್ತಿ ಬಳಸಿದರೆ ಕೊನೆಯ ಉದ್ದನೆಯ ನೇರ ದಾರಿಗೆ ಬರುವಷ್ಟರಲ್ಲಿ ಬ್ಯಾಟರಿ ಖಾಲಿ. ಎಲ್ಲಿ ಕರೆಂಟ್ ಖರ್ಚು ಮಾಡಬೇಕು, ಎಲ್ಲಿ ಕೂಡಿಡಬೇಕು ಎಂದು ಲೆಕ್ಕ ಹಾಕಿಯೇ ಓಡಿಸಬೇಕು. ತಿಂಗಳ ಸಂಬಳವನ್ನು ಮೊದಲ ವಾರದಲ್ಲೇ ಮುಗಿಸಿದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.

ಇದರಿಂದ ನಮಗೇನು?

ಇದು ಪರಿಸರಸ್ನೇಹಿ ಕಾರಾ? ಇಲ್ಲ, ಸುಳ್ಳು ಹೇಳೋದು ಬೇಡ. ಸಾವಿರ ಅಶ್ವಶಕ್ತಿಯ ಕಾರಿಗೆ 18 ಕಿ.ಮೀ. ಬ್ಯಾಟರಿ ಓಟ ಸೇರಿಸಿದ ಮಾತ್ರಕ್ಕೆ ಅದು ಹಸಿರಾಗಲ್ಲ. 275 ಶ್ರೀಮಂತರ ಆಟಿಕೆ ಎಂದು ಯಾರಾದರೂ ಅಂದರೆ ಪೂರ್ತಿ ಅಲ್ಲಗಳೆಯೋಕೂ ಆಗಲ್ಲ.

ಆದರೆ ಅದರ ಕೋಡೊಲೆ ಅಲ್ಲಿಗೇ ನಿಂತಿಲ್ಲ. ಟರ್ಬೊ ಮೇಲೆ ಮೋಟಾರ್ ಕೂರಿಸುವ ಉಪಾಯ ಎಎಂಜಿಯ ಸಿ 43 ಸೆಡಾನಿಗೂ ಇಳಿದಿದೆ, ಆ ಕಾರು ಭಾರತಕ್ಕೂ ಬಂದಿದೆ. 2024ರಲ್ಲಿ ಪೋರ್ಶೆ ತನ್ನ 911 ಕರೇರಾ ಜಿಟಿಎಸ್‌ಗೆ ಇಂಥದ್ದೇ ಟರ್ಬೊ ಕೊಟ್ಟಿತು. ಇವೂ ಅಗ್ಗದ ಕಾರುಗಳೇನಲ್ಲ, ಆದರೆ 275 ಜನರಿಗೆ ಮಾತ್ರ ಮೀಸಲಾದವೂ ಅಲ್ಲ. ತಮಾಷೆ ನೋಡಿ, ಇತ್ತ ಉಪಾಯ ರಸ್ತೆಗೆ ಇಳಿಯುತ್ತಿರುವಾಗ ಅತ್ತ ಫಾರ್ಮುಲಾ 1 ಅದನ್ನು ಕೈಬಿಟ್ಟಿತು. ದುಬಾರಿ, ಜಟಿಲ ಎಂಬ ಕಾರಣಕ್ಕೆ 2026ರ ನಿಯಮದಲ್ಲಿ ಟರ್ಬೊ ಮೇಲಿನ ಮೋಟಾರಿಗೆ ಜಾಗವಿಲ್ಲ. ರೇಸಿನಲ್ಲಿ ಇಲ್ಲದ ರೇಸ್ ತಂತ್ರ ಈಗ ಉಳಿದಿರುವುದು ನಂಬರ್ ಪ್ಲೇಟ್ ಇರುವ ಕಾರುಗಳಲ್ಲಿ.

ಮುಂದಿನ ಸಲ ಕ್ಯಾಬ್ ಬುಕ್ ಮಾಡಿದಾಗ ಹೈಬ್ರಿಡ್ ಗಾಡಿ ಬಂದರೆ ಸಿಗ್ನಲ್‌ನಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ. ಎಂಜಿನ್ ಸುಮ್ಮನಾಗಿರುತ್ತೆ, ಎಸಿ ಮಾತ್ರ ಓಡ್ತಿರುತ್ತೆ. ಹಸಿರು ಬಿದ್ದಾಗ ಗಾಡಿ ಸದ್ದಿಲ್ಲದೆ ಜಾರುತ್ತೆ, ನಾಲ್ಕು ಮಾರು ಹೋದ ಮೇಲೆ ಎಂಜಿನ್ ಎಚ್ಚರವಾಗುತ್ತೆ. 20 ಕೋಟಿಯ ಕಾರು ವರ್ಷಗಟ್ಟಲೆ ಪಾಡುಪಟ್ಟು ಕಲಿತದ್ದೂ ಇದನ್ನೇ.