ಭಿತ್ತಿಪತ್ರ ಮತ್ತು ಸರಕಿನ ಲಾಂಛನ: ವಿನ್ಯಾಸ ವಿದ್ಯಾರ್ಥಿಯ ಕಾರ್ಯವಿಧಾನ

ಮುದ್ರಣ ವಿನ್ಯಾಸವು ಇಂದು ನಮ್ಮ ಅನೇಕ ಕಾಲೇಜುಗಳಲ್ಲಿ ಅಧ್ಯಯನದ ವಿಷಯವಾಗಿದೆ. ಆದರೂ ವಿನ್ಯಾಸವೆಂದರೆ ಸಿದ್ಧವಾದ ಮಾತಿಗೆ ಅಲಂಕಾರವನ್ನು ತೊಡಿಸುವುದೆಂಬ ಭಾವನೆ ಇನ್ನೂ ದೂರವಾಗಿಲ್ಲ. ವಾಸ್ತವವಾಗಿ ವಿದ್ಯಾರ್ಥಿಯ ಶ್ರಮದ ಬಹುಭಾಗವು ರೇಖೆಯನ್ನೆಳೆಯುವ ಮೊದಲೇ, ಹೇಳಬೇಕಾದುದೇನು, ಯಾರಿಗೆ, ಎಲ್ಲಿ ಎಂಬ ವಿಚಾರಣೆಗೆ ಸಲ್ಲುತ್ತದೆ. ಈ ಕ್ರಮವನ್ನು ಮೂಡಿಗೆರೆ ತಾಲ್ಲೂಕಿನ ಬಣಕಲ್ ಊರನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಮಂಗಳೂರಿನಿಂದ ಚಾರ್ಮಾಡಿ ಘಟ್ಟವನ್ನು ಹತ್ತಿ, ಕೊಟ್ಟಿಗೆಹಾರವನ್ನು ದಾಟಿ ಮೂಡಿಗೆರೆಗೆ ಸಾಗುವ ಹೆದ್ದಾರಿಯ ಮೇಲೆ ಈ ಊರಿದೆ. ಆದುದರಿಂದ ಇಲ್ಲಿ ಭಿತ್ತಿಪತ್ರಕ್ಕೆ ಓದುಗರುಂಟು. ಕಾಫಿಯ ಸೀಮೆಯಾದುದರಿಂದ ಲಾಂಛನವನ್ನು ಬೇಡುವ ಸರಕೂ ಉಂಟು.

೧. ಎರಡರ ಭೇದ

ಭಿತ್ತಿಪತ್ರವು ಒಂದು ಸಂದರ್ಭಕ್ಕಾಗಿ ಹುಟ್ಟಿ, ದೂರದಿಂದ ಒಮ್ಮೆ ಮಾತನಾಡಿ, ಸಂದರ್ಭ ತೀರಿದೊಡನೆ ಮರೆಯಾಗುತ್ತದೆ. ಲಾಂಛನವಾದರೋ ಸಾವಿರ ಸಲ ಕಂಡರೂ ಅದೇ ಆಗಿ ಉಳಿಯಬೇಕು. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿನ ಶರಭವನ್ನು ನೋಡಬಹುದು. ಆನೆಯ ತಲೆ, ಸಿಂಹದ ಒಡಲುಳ್ಳ ಈ ಕಲ್ಪಿತ ಪ್ರಾಣಿಯಲ್ಲಿ ಗಂಧದ ಮರವೂ ಇಲ್ಲ, ಸಾಬೂನೂ ಇಲ್ಲ. ಆದರೂ ನೂರು ವರ್ಷ ಮೀರಿದ ಬಳಕೆಯಿಂದ ಅದು ಆ ಸರಕಿನ ಹೆಸರೇ ಆಗಿದೆ. ೧೯೯೬ರಲ್ಲಿ ಬೆಂಗಳೂರಿನಲ್ಲಿ ಮೊದಲ ಅಂಗಡಿಯನ್ನು ತೆರೆದ ಕೆಫೆ ಕಾಫಿ ಡೇ ಸಂಸ್ಥೆಯು ೨೦೦೯ರಲ್ಲಿ ತನ್ನ ಗುರುತನ್ನು ಬದಲಿಸಿದಾಗ, ಮಾತನ್ನು ಸೂಚಿಸುವ ಸಂಭಾಷಣೆಯ ಚೌಕವನ್ನು ತೆಗೆದುಕೊಂಡಿತು. ಕಾಫಿಯ ಬೀಜಕ್ಕಿಂತಲೂ ಕಾಫಿಯ ಮುಂದೆ ಕುಳಿತವರ ಹರಟೆಯೇ ಅಲ್ಲಿ ಮುಖ್ಯವಾಯಿತು. ಲಾಂಛನವು ಸರಕಿನ ಚಿತ್ರವಾಗಬೇಕೆಂಬ ನಿಯಮವಿಲ್ಲವೆಂಬುದು ಈ ಎರಡರಿಂದಲೂ ಸ್ಪಷ್ಟವಾಗುತ್ತದೆ.

೨. ಭಿತ್ತಿಪತ್ರದ ಕ್ರಮ

೨೦೧೯ರ ಆಗಸ್ಟ್ ತಿಂಗಳಿನ ಮಳೆಯಲ್ಲಿ ಗುಡ್ಡಗಳು ಕುಸಿದು ಚಾರ್ಮಾಡಿ ಘಟ್ಟದ ಸಂಚಾರ ನಿಂತುಹೋಯಿತು. ಅಂತಹ ಸಮಯದಲ್ಲಿ ಬಣಕಲ್ಲಿನಲ್ಲಿ ಹಚ್ಚಬೇಕಾದ ಎಚ್ಚರಿಕೆಯ ಭಿತ್ತಿಪತ್ರವೊಂದನ್ನು ವಿದ್ಯಾರ್ಥಿಗೆ ಅಭ್ಯಾಸವಾಗಿ ಕೊಟ್ಟಿದೆಯೆಂದು ಭಾವಿಸೋಣ. ಅವನ ಮೊದಲ ಕೆಲಸ ಓದುಗನನ್ನು ಗೊತ್ತುಮಾಡಿಕೊಳ್ಳುವುದು. ಈ ಓದುಗನು ನಿಂತು ಓದುವವನಲ್ಲ; ಮಳೆಯಲ್ಲಿ, ಮಂಜಿನಲ್ಲಿ, ಗಾಜನ್ನು ಒರೆಸಿಕೊಳ್ಳುತ್ತ ಬರುವ ವಾಹನ ಚಾಲಕ. ಅವನು ಹೊರರಾಜ್ಯದವನೂ ಆಗಿರಬಹುದು, ಕನ್ನಡವನ್ನು ಓದಲಾರದವನೂ ಆಗಿರಬಹುದು. ಈ ಒಂದು ನಿರ್ಧಾರದಿಂದ ಅನೇಕ ಸಂಗತಿಗಳು ತಾವಾಗಿಯೇ ನಿಶ್ಚಯವಾಗುತ್ತವೆ. ಮಾತು ಎರಡು ಮೂರು ಪದಗಳನ್ನು ಮೀರಬಾರದು; ಅಕ್ಷರವಿಲ್ಲದೆಯೂ ಅರ್ಥವಾಗುವ ಆಕೃತಿಯೊಂದಿರಬೇಕು; ಮಂಜಿನ ಬೂದುಬಣ್ಣದಲ್ಲಿ ಕರಗದಂತೆ ಹಳದಿ ಮತ್ತು ಕಪ್ಪಿನಂತಹ ತೀವ್ರ ವಿರೋಧದ ಬಣ್ಣಗಳಿರಬೇಕು; ನೆನೆದರೂ ಹರಿಯದ ಹಾಳೆ ಬೇಕು.

ಅನಂತರ ಅಂಗೈಯಗಲದ ಕರಡುಗಳನ್ನು ಇಪ್ಪತ್ತು ಮೂವತ್ತರಷ್ಟು ಬೇಗಬೇಗನೆ ಎಳೆಯಬೇಕು. ಮೊದಲು ಹೊಳೆಯುವ ಕಲ್ಪನೆ ಸಾಮಾನ್ಯವಾಗಿ ಎಲ್ಲರಿಗೂ ಹೊಳೆಯುವಂತಹುದು. ಅದನ್ನು ಬರೆದು ಮುಗಿಸಿದ ಮೇಲೆಯೇ ಮುಂದಿನದಕ್ಕೆ ದಾರಿ. ಈ ಕರಡುಗಳಲ್ಲಿ ಬೀಳುವ ಬಂಡೆಯ ಚಿತ್ರವು ಭಯವನ್ನು ಹುಟ್ಟಿಸಬಹುದು, ಆದರೆ ಚಾಲಕನು ಮಾಡಬೇಕಾದುದನ್ನು ತಿಳಿಸುವುದಿಲ್ಲ. ತುಂಡಾದ ರಸ್ತೆ ಮತ್ತು ಹಿಂದಿರುಗುವ ಬಾಣ ಅದನ್ನು ತಿಳಿಸುತ್ತವೆ. ಚಂದ ಕಾಣುವುದಕ್ಕಿಂತ ಕೆಲಸಕ್ಕೆ ಬರುವುದನ್ನು ಆರಿಸುವುದೇ ಇಲ್ಲಿನ ವಿವೇಕ. ಆರಿಸಿದ ಕರಡನ್ನು ನಿಜವಾದ ಅಳತೆಗೆ ಹಿಗ್ಗಿಸಿ ಗೋಡೆಗೆ ಹಚ್ಚಿ, ರಸ್ತೆಯ ಆಚೆಯಿಂದ ನೋಡಿದ ಹೊರತು ಪರೀಕ್ಷೆ ಮುಗಿಯಲಿಲ್ಲ.

೩. ಲಾಂಛನದ ಕ್ರಮ

ಬಣಕಲ್ಲಿನ ಸಣ್ಣ ಬೆಳೆಗಾರರ ಗುಂಪೊಂದು ತನ್ನ ಕಾಫಿಪುಡಿಗೆ ಲಾಂಛನವನ್ನು ಕೇಳಿತೆಂದು ಕಲ್ಪಿಸೋಣ. ಬೆಳೆಯನ್ನು ಪಾರ್ಚ್‌ಮೆಂಟ್ ಅಥವಾ ಚೆರ್ರಿಯಾಗಿ ವರ್ತಕನಿಗೆ ಮಾರಿದೊಡನೆ ಅದು ಬೇರೆ ಊರುಗಳ ಬೀಜದೊಡನೆ ಬೆರೆತು ತನ್ನ ಹೆಸರನ್ನು ಕಳೆದುಕೊಳ್ಳುತ್ತದೆ. ಆ ಹೆಸರನ್ನು ಉಳಿಸಿಕೊಳ್ಳುವುದೇ ಲಾಂಛನದ ಪ್ರಯೋಜನ. ಆದುದರಿಂದಲೇ ಹೆಸರಿನ ಸತ್ಯಾಸತ್ಯತೆಯನ್ನು ಮೊದಲು ವಿಚಾರಿಸಬೇಕು.

‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎಂಬ ಹೆಸರುಗಳಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ೧೯೯೯ರ ಅಧಿನಿಯಮದ ಪ್ರಕಾರ ಅಂತಹ ಹೆಸರನ್ನು ನೋಂದಾಯಿತ ಬಳಕೆದಾರರು, ಆ ಹೆಸರಿಗೆ ತಕ್ಕ ಸರಕಿನ ಮೇಲೆ ಮಾತ್ರ ಬಳಸಬಹುದು. ಮೂಡಿಗೆರೆಯ ಕಡೆ ಅರೇಬಿಕಾದಂತೆ ರೊಬಸ್ಟಾವೂ ವಿಶೇಷವಾಗಿ ಬೆಳೆಯುತ್ತದೆ. ರೊಬಸ್ಟಾದ ಪೊಟ್ಟಣಕ್ಕೆ ಅರೇಬಿಕಾದ ಹೆಸರು ಸಲ್ಲದು. ಏಳು ಬೀಜಗಳನ್ನು ತಂದ ಬಾಬಾ ಬುಡನ್ನರ ಐತಿಹ್ಯ ಎಷ್ಟೇ ಮನೋಹರವಾಗಿದ್ದರೂ ಅದು ಬೇರೊಂದು ಗಿರಿಯದು. ಬರಿಯ ಊರ ಹೆಸರನ್ನು ವ್ಯಾಪಾರಚಿಹ್ನೆಯಾಗಿ ನೋಂದಾಯಿಸುವುದೂ ಸಾಮಾನ್ಯವಾಗಿ ಸಾಧ್ಯವಿಲ್ಲ. ಅದರೊಡನೆ ವಿಶಿಷ್ಟವಾದ ರೂಪವೊಂದು ಸೇರಬೇಕು. ಚಿಕೋರಿ ಬೆರೆತ ಪುಡಿಯಾದರೆ ಕಾಫಿಯ ಅಂಶ ನೂರಕ್ಕೆ ೫೧ಕ್ಕಿಂತ ಕಡಿಮೆಯಿರಕೂಡದು; ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಕಾಣುವಂತೆ ಅಚ್ಚು ಹಾಕಬೇಕು. ಇವನ್ನೆಲ್ಲ ಕಡೆಗೆ ಮೂಲೆಯಲ್ಲಿ ತುರುಕುವ ಬದಲು ಮೊದಲೇ ಸ್ಥಳವನ್ನು ಕಾದಿರಿಸುವುದು ಲೇಸು.

ಇನ್ನು ಅಕ್ಷರದ ವಿಚಾರ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ, ಗುಡಿಸುಗಳು ಮೇಲೇರುತ್ತವೆ. ‘ಚಿಕ್ಕಮಗಳೂರು’ ಎಂಬ ಹೆಸರು ಹೀಗೆ ಮೇಲೂ ಕೆಳಗೂ ಹರಡಿಕೊಳ್ಳುತ್ತದೆ. ‘ಬಣಕಲ್’ ಎಂಬುದರಲ್ಲಾದರೋ ಒತ್ತೂ ಇಲ್ಲ, ಗುಡಿಸೂ ಇಲ್ಲ. ಬಕಾರ ಣಕಾರಗಳಿಗೆ ತಲೆಕಟ್ಟೂ ಇಲ್ಲ. ಕಕಾರಕ್ಕೆ ಮಾತ್ರ ಉಂಟು. ಕೊನೆಯ ಅರ್ಧಾಕ್ಷರದ ಕೊಂಬು ಮಾತ್ರ ಬಲಕ್ಕೆ ಚಾಚುತ್ತದೆ. ನಾಲ್ಕೇ ದುಂಡಕ್ಷರಗಳ ಈ ಅಡಕವಾದ ಸಾಲು ಚಿಕ್ಕ ಮುದ್ರೆಗೆ ಹೇಳಿ ಮಾಡಿಸಿದಂತಿದೆ. ಚಾಚಿದ ಆ ಕೊಂಬನ್ನು ಕಾಫಿಗಿಡದ ರೆಂಬೆಯಾಗಿ ಬೆಳೆಸಬಹುದು, ಇಲ್ಲವೆ ಹಾಗೆಯೇ ಬಿಡಬಹುದು. ಹೊರಗಿನಿಂದ ಚಿತ್ರವನ್ನು ತಂದು ಅಂಟಿಸುವ ಮೊದಲು ಹೆಸರಿನಲ್ಲೇ ಅಡಗಿರುವ ಆಕೃತಿಯನ್ನು ಹುಡುಕಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ರೂಪವು ಸಿದ್ಧವಾದ ಮೇಲೆ ಮೂರು ಪರೀಕ್ಷೆಗಳುಂಟು. ಒಂದು, ಉಗುರಿನಷ್ಟು ಕುಗ್ಗಿಸಿದರೂ ಓದಲು ಬರಬೇಕು. ಎರಡು, ಒಂದೇ ಬಣ್ಣದಲ್ಲಿ ಅಚ್ಚಾದರೂ ನಿಲ್ಲಬೇಕು. ಮೂರು, ತಗಡಿನಲ್ಲಿ ಕೊರೆದು ಗೋಣಿಚೀಲದ ಮೇಲೆ ಬಣ್ಣ ಬಳಿದರೂ ಕೆಡಬಾರದು. ತಗಡಿನಲ್ಲಿ ಕಕಾರದ ಹೊಟ್ಟೆಯಂತಹ ಮುಚ್ಚಿದ ಭಾಗಗಳು ಉದುರಿಹೋಗುವುದರಿಂದ ಅವನ್ನು ಹಿಡಿದಿಡುವ ಸಣ್ಣ ಸೇತುವೆಗಳನ್ನು ಬಿಡಬೇಕಾಗುತ್ತದೆ. ಗಣಕಯಂತ್ರದ ತೆರೆಯ ಮೇಲೆ ಮಿನುಗಿದ ಎಷ್ಟೋ ರೂಪಗಳು ಗೋಣಿಯ ಒರಟಿನ ಮುಂದೆ ಸೋಲುತ್ತವೆ.

೪. ಅಧ್ಯಾಪಕರಿಗೆ ಒಂದು ಮಾತು

ಇಂತಹ ಅಭ್ಯಾಸಕ್ಕೆ ಅಂಕ ಕೊಡುವಾಗ ಅಂತಿಮ ಚಿತ್ರವನ್ನು ಮಾತ್ರ ನೋಡಿದರೆ ಸಾಲದು. ಕೈಬಿಟ್ಟ ಕರಡುಗಳು, ಅವನ್ನು ಬಿಟ್ಟುದಕ್ಕೆ ಕೊಟ್ಟ ಕಾರಣಗಳು, ಪರೀಕ್ಷೆಯ ಫಲಗಳು ಇವೆಲ್ಲ ಇರುವ ಕೆಲಸದ ಪುಸ್ತಕವನ್ನೂ ತರಿಸಿಕೊಳ್ಳಬೇಕು. ಕೈಚಳಕ ಕೆಲವರಿಗೆ ಹುಟ್ಟಿನಿಂದ ಬಂದಿರಬಹುದು; ಕಾರಣ ಕೊಟ್ಟು ಆರಿಸುವುದನ್ನು ಎಲ್ಲರೂ ಕಲಿಯಬಹುದು. ಎಚ್ಚರಿಕೆಯನ್ನು ನಂಬಿ ವಾಹನವನ್ನು ತಿರುಗಿಸುವ ಚಾಲಕನೂ, ಪೊಟ್ಟಣದ ಹೆಸರನ್ನು ನಂಬಿ ಹಣ ಕೊಡುವ ಗ್ರಾಹಕನೂ ವಿನ್ಯಾಸಕಾರನನ್ನು ಎಂದೂ ಕಂಡವರಲ್ಲ. ಕಾಣದವರ ಆ ನಂಬಿಕೆಯನ್ನು ಕಾಯುವುದೇ ಈ ವಿದ್ಯೆಯ ಧರ್ಮ.