ಬದಲಾದ ಮಳೆ ಮತ್ತು ನಮ್ಮ ಕಟ್ಟಡಗಳ ಆರೋಗ್ಯ

ಮನುಷ್ಯನ ಶರೀರಕ್ಕಿರುವಂತೆ ಕಟ್ಟಡಕ್ಕೂ, ಸೇತುವೆಗೂ, ಚರಂಡಿಗೂ ಒಂದು ಆಯುಷ್ಯವುಂಟು. ಅವುಗಳ ಆರೋಗ್ಯವು ಬಹುಮಟ್ಟಿಗೆ ಸುತ್ತಲಿನ ಹವಾಮಾನವನ್ನು ಅವಲಂಬಿಸಿರುತ್ತದೆ. ಆ ಹವಾಮಾನವೇ ಬದಲಾಗುತ್ತಿರುವಾಗ ಇಂಜಿನಿಯರರ ಲೆಕ್ಕಾಚಾರವೂ ಬದಲಾಗಬೇಕಷ್ಟೆ. ಜೋರು ಮಳೆ ಬಂದೊಡನೆ ಅಂಧೇರಿ ಸಬ್‌ವೇ ನೀರು ತುಂಬಿ ಮುಚ್ಚುವುದನ್ನು ಕಾಣುತ್ತ ಬಂದಿರುವ ನಮಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

2005ರ ಜುಲೈ 26ರ ಮಳೆಯನ್ನು ಮರೆತವರಾರು? ಸಾಂತಾಕ್ರೂಜ್‌ನ ವೀಕ್ಷಣಾಲಯದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು, ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದುದು ಸುಮಾರು 73 ಮಿ.ಮೀ. ಮಾತ್ರ. ನಗರದ ಹಳೆಯ ಚರಂಡಿಗಳಾದರೋ ಗಂಟೆಗೆ 25 ಮಿ.ಮೀ. ಮಳೆಗೆಂದು, ಅದರಲ್ಲಿಯೂ ಅರ್ಧಾಂಶ ನೆಲದಲ್ಲಿ ಇಂಗುವುದೆಂಬ ಎಣಿಕೆಯಿಂದ ಕಟ್ಟಿದವು. ಈಗ ಇಂಗಲು ನೆಲವೆಲ್ಲಿದೆ? ಅಂಗಳಕ್ಕೆಲ್ಲ ಕಾಂಕ್ರೀಟು ಹಾಸಿದ್ದೇವೆ. ಗಂಟೆಗೆ 50 ಮಿ.ಮೀ. ಮಳೆಗೆ ಸಾಲುವ ವ್ಯವಸ್ಥೆ ಬೇಕೆಂದು ‘ಬ್ರಿಮ್‌ಸ್ಟೊವಾಡ್’ ವರದಿಯು 1993ರಲ್ಲಿಯೇ ಸೂಚಿಸಿತ್ತು. ಆ ಕೆಲಸಕ್ಕೆ ವೇಗ ಬಂದುದು ಪ್ರಳಯಸದೃಶವಾದ ಆ ದಿನದ ನಂತರ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು.

ಇಂಜಿನಿಯರರು ಹಿಂದಿನ ಮಳೆಯ ದಾಖಲೆಗಳನ್ನು ನೋಡಿ ಮುಂದಿನದನ್ನು ಊಹಿಸುತ್ತಾರೆ. ‘ನೂರು ವರ್ಷಕ್ಕೊಮ್ಮೆಯ ಮಳೆ’ ಎಂದರೆ ಒಮ್ಮೆ ಬಂದರೆ ಮತ್ತೆ ನೂರು ವರ್ಷ ಬಾರದೆಂದು ಅರ್ಥವಲ್ಲ. ಪ್ರತಿ ವರ್ಷವೂ ಅದು ಬರುವ ಸಂಭವ ನೂರರಲ್ಲಿ ಒಂದು ಎಂದರ್ಥ. 50 ವರ್ಷ ಬಾಳುವ ಕಟ್ಟಡವು ಅದನ್ನು ಒಮ್ಮೆಯಾದರೂ ಎದುರಿಸುವ ಸಂಭವ ಸುಮಾರು ಶೇಕಡಾ 40. ಅದೇ ಮಳೆ 50 ವರ್ಷಕ್ಕೊಮ್ಮೆ ಬರತೊಡಗಿದರೆ ಆ ಸಂಭವ ಶೇಕಡಾ 64ಕ್ಕೆ ಏರುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುವುದರಿಂದ ರಭಸದ ಮಳೆಗಳು ಇನ್ನಷ್ಟು ರಭಸಗೊಳ್ಳುತ್ತವೆ. ಆದಕಾರಣ ಹಳೆಯ ದಾಖಲೆಯೊಂದನ್ನೇ ನಂಬಿ ಕಟ್ಟುವುದು ಬೆಳೆಯುವ ಮಗುವಿಗೆ ಹೋದ ವರ್ಷದ ಅಳತೆಯಲ್ಲಿ ಅಂಗಿ ಹೊಲಿಸಿದಂತೆ.

ಸಮುದ್ರದ ಮಟ್ಟವೂ ಏರುತ್ತಿದೆ. ಭರತದ ವೇಳೆಯಲ್ಲಿ ನಾಲೆಗಳ ನೀರು ತಾನಾಗಿ ಕಡಲಿಗೆ ಇಳಿಯಲಾರದು. ಇರ್ಲಾದಲ್ಲಿರುವಂಥ ಪಂಪಿಂಗ್ ಸ್ಟೇಷನ್ನುಗಳ ಅವಶ್ಯಕತೆ ಇದರಿಂದಲೇ ಉಂಟಾದುದು.

ಕಟ್ಟಡದ ಒಳರೋಗವೆಂದರೆ ತುಕ್ಕು. ಕಡಲಗಾಳಿಯ ಉಪ್ಪು, ತೇವ, ಇಂಗಾಲದ ಡೈಆಕ್ಸೈಡ್ ಇವು ಕಾಂಕ್ರೀಟನ್ನು ಹೊಕ್ಕು ಒಳಗಿನ ಕಬ್ಬಿಣವನ್ನು ಮುಟ್ಟುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಹೆಚ್ಚಿದ ಉಷ್ಣತೆಯು ಈ ಕ್ರಿಯೆಗೆ ಇನ್ನಷ್ಟು ವೇಗ ಕೊಡುತ್ತದೆ. 2018ರ ಜುಲೈ 3ರಂದು ನಮ್ಮ ಗೋಖಲೆ ಸೇತುವೆಯ ಕಾಲುದಾರಿಯ ಒಂದು ಭಾಗವು ಮಳೆಯಲ್ಲಿ ರೈಲುಹಳಿಗಳ ಮೇಲೆ ಕುಸಿಯಿತು. ಇದನ್ನು ಹವಾಮಾನವೊಂದಕ್ಕೇ ಆರೋಪಿಸುವುದು ನ್ಯಾಯವಲ್ಲ. ಆದರೆ 2022ರ ನವೆಂಬರಿನಲ್ಲಿ ಮುಚ್ಚಿ, ಪುನರ್ನಿರ್ಮಿಸಿ, 2025ರ ಮೇ ತಿಂಗಳಲ್ಲಿ ಪೂರ್ಣವಾಗಿ ತೆರೆದ ಹೊಸ ಸೇತುವೆಯು ಎದುರಿಸಬೇಕಾದುದು ನಮ್ಮ ಮೊಮ್ಮಕ್ಕಳ ಕಾಲದ ಮಳೆ-ಬಿಸಿಲನ್ನು ಎಂಬುದನ್ನು ಮರೆಯಬಾರದು.

ಹಾಗಾದರೆ ನಾವು ಮಾಡಬೇಕಾದುದೇನು? ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯವಾಗಿದೆ. ಅದನ್ನು ಕಾಗದದ ಶಾಸ್ತ್ರವಾಗಿಸಬಾರದು. ದುರಸ್ತಿ ಅಥವಾ ರೀಡೆವಲಪ್‌ಮೆಂಟ್ ಮಾತು ಬಂದಾಗ ಸೊಸೈಟಿಯ ಸದಸ್ಯರು ಕೇಳಬೇಕಾದ ಪ್ರಶ್ನೆಗಳಿವು: ಚರಂಡಿಯ ಅಳತೆಗೆ ಯಾವ ಕಾಲದ ಮಳೆಯನ್ನು ಆಧರಿಸಿದ್ದೀರಿ, ಮುಂದಿನ ಏರಿಕೆಗೆ ಎಷ್ಟು ಸೇರಿಸಿದ್ದೀರಿ? ವಿದ್ಯುತ್ ಮೀಟರು, ಪಂಪುಗಳು ನೆರೆಯ ಮಟ್ಟಕ್ಕಿಂತ ಮೇಲಿವೆಯೆ? ಕಬ್ಬಿಣದ ಮೇಲಿನ ಕಾಂಕ್ರೀಟಿನ ಹೊದಿಕೆ ಕಡಲತೀರಕ್ಕೆ ತಕ್ಕಷ್ಟು ದಪ್ಪವಿದೆಯೆ? ನೆಲದಡಿಯ ಕುಡಿಯುವ ನೀರಿನ ತೊಟ್ಟಿಯ ಬಾಯಿ ಸಾಕಷ್ಟು ಎತ್ತರದಲ್ಲಿದೆಯೆ?

ಕೊನೆಯ ಪ್ರಶ್ನೆ ನೇರವಾಗಿ ದೇಹಾರೋಗ್ಯದ್ದು. 2005ರ ನೆರೆ ಇಳಿದ ಮೇಲೆ ಇಲಿಜ್ವರವು ಈ ನಗರದಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಚರಂಡಿ ಸೋತಲ್ಲಿ ವೈದ್ಯರ ಕೆಲಸ ಆರಂಭವಾಗುತ್ತದೆ. ರೋಗ ಬಂದ ಮೇಲಿನ ಚಿಕಿತ್ಸೆಗಿಂತ ಬಾರದಂತೆ ತಡೆಯುವುದು ಲೇಸೆಂಬ ವೈದ್ಯಸೂತ್ರವು ಕಟ್ಟಡಕ್ಕೂ ಅನ್ವಯಿಸುತ್ತದೆ.